ಮೂಡಲ ಕಡೆಯ ಡಿಸ್ಕು

ಹೊಳೆದಂಡೆ ಬಾನುಲಿ, ಹಿರಿಯೂರು
೨ ಜನವರಿ ೨೦೨೫

ರೋಜಾ,

ಕವರಿನ ಮೇಲಿನ ನನ್ನ ಅಕ್ಷರ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕದಿದ್ದರೆ ಸಾಕು. ಬೈಯುವುದನ್ನೆಲ್ಲ ಓದಿ ಮುಗಿಸಿದ ಮೇಲೆ ಬೈಯುವೆಯಂತೆ.

ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಯಿತು. ಆ ನಂಬರೇ ಈಗ ಇಲ್ಲವಂತೆ. ಆದಿವಾಲದ ಬಸ್ ಸ್ಟಾಪಿನಲ್ಲಿ ನಿಮ್ಮ ಹಟ್ಟಿಯ ಹೆಂಗಸೊಬ್ಬರು ಸಿಕ್ಕಿ, "ಅವ್ಳು ಪಾಲಯ್ಯನ ಜೊತೆ ಕುರಿ ಹಿಂದೆ ಹೋಗವ್ಳೆ, ಹೊಸದುರ್ಗದ ರಸ್ತೇಲಿ ಎತ್ತಪ್ಪನ ಅಂಗಡಿ ಐತೆ, ಅಲ್ಲಿಗೆ ಬರೀರಿ, ಮುಟ್ಟುತ್ತೆ" ಎಂದರು. ನಾನು ನಂಬಲಿಲ್ಲ. ಇಡೀ ಬಾನುಲಿಗೆ ಒಬ್ಬಳೇ ಸರ್ವರ್ ಕೂರಿಸಿದವಳು ಚಿಕ್ಕಪ್ಪನ ಜೊತೆ ಕುರಿ ಕಾಯುತ್ತಿದ್ದಾಳೆ ಎಂದರೆ ಯಾರು ನಂಬುತ್ತಾರೆ? ಆಮೇಲೆ, ಅವು ನಿಮ್ಮ ಅವ್ವನ ಕುರಿಗಳಲ್ಲವೇ ಎಂದು ನೆನಪಾಗಿ ನಂಬಿದೆ.

ವಿಷಯ ಇಷ್ಟು. ನಿನ್ನ ಸರ್ವರ್ ಏಳುತ್ತಿಲ್ಲ. ಕಳೆದ ವಾರ ಕರೆಂಟು ಒಂದೇ ಗಂಟೆಯಲ್ಲಿ ಮೂರು ಸಲ ಹೋಗಿ ಬಂತು. ಅಲ್ಲಿಂದ ಈಚೆಗೆ ಆನ್ ಮಾಡಿದರೆ ಫ್ಯಾನುಗಳು ಬೊಬ್ಬೆ ಹೊಡೆಯುತ್ತವೆ, ಪರದೆ ಕಪ್ಪಗೇ ಇರುತ್ತದೆ, ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತದೆ. ಅಷ್ಟೇ. ಕಾರ್ಯಕ್ರಮಗಳನ್ನು ಲ್ಯಾಪ್‌ಟಾಪಿನಿಂದ ಹೇಗೋ ಓಡಿಸುತ್ತಿದ್ದೇನೆ. ಆದರೆ ಹನ್ನೊಂದು ವರ್ಷದ ದನಿಗಳೆಲ್ಲ ಅದರ ಹೊಟ್ಟೆಯಲ್ಲಿವೆ. ನಕಲು ಇಲ್ಲ. ಇಲ್ಲ ಎಂದು ನಿನಗೆ ಹೇಳುವುದಕ್ಕೇ ನಾಚಿಕೆಯಾಗುತ್ತದೆ.

ನಮ್ಮ ಹೊಸ ಅಧ್ಯಕ್ಷರು ಓಬಳೇಶಪ್ಪನವರು. ಒಳ್ಳೆಯವರೇ, ಆದರೆ ತಾಳ್ಮೆ ಇಲ್ಲ. "ದುರ್ಗದ ಅಂಗಡಿಯವನಿಗೆ ಕೊಟ್ಟುಬಿಡಾಣ ಕಣಮ್ಮ, ಎಲ್ಲ ಅಳಿಸಿ ಹೊಸದು ಮಾಡ್ಕೊಡ್ತಾನೆ" ಎನ್ನುತ್ತಿದ್ದಾರೆ. ಎಲ್ಲ ಅಳಿಸಿ! ಮೂವತ್ತನೇ ತಾರೀಕು ಲೈಸೆನ್ಸ್ ನೋಡುವ ಕಮಿಟಿ ಬರುತ್ತದೆ, ಹಳೆಯ ರೆಕಾರ್ಡಿಂಗುಗಳನ್ನು ಕೇಳುತ್ತದೆ. ಅಷ್ಟರಲ್ಲಿ ನಾನೇ ಮಿಷನ್ನನ್ನು ನಡೆಸುವ ಲಿನಕ್ಸನ್ನು ಹೊಸದಾಗಿ ಹಾಕುತ್ತೇನೆ ಎಂದು ಜಂಬ ಕೊಚ್ಚಿಕೊಂಡಿದ್ದೇನೆ. ಒಳಗೆ ಎರಡು ಡಿಸ್ಕು ಇವೆ ಎಂಬುದನ್ನು ಬಿಟ್ಟರೆ ನನಗೇನೂ ಗೊತ್ತಿಲ್ಲ. ಯಾವುದರಲ್ಲಿ ಏನಿದೆ, ಯಾವುದರ ಮೇಲೆ ಹಾಕಬೇಕು, ಬರೆದು ಕಳಿಸು.

ಅವ್ವನ ಮಣ್ಣಿಗೆ ಬಂದಿದ್ದೆ. ಹುಣಸೆ ಮರದ ಹತ್ತಿರ ನಿಂತು ವಾಪಸು ಹೋದೆ. ನೀನು ನೋಡಿದೆ, ನೋಡದವಳ ಹಾಗೆ ಇದ್ದೆ. ಅದು ಸರಿಯೇ.

ಮಿಷನ್ನಿನ ಮೇಲೆ ಟೀ ಲೋಟ ಇಡಬೇಡ ಎಂದು ನಿನ್ನನ್ನು ಬೈಯುತ್ತಿದ್ದೆನಲ್ಲ, ಆ ಕರೆ ಎಷ್ಟು ಉಜ್ಜಿದರೂ ಹೋಗಿಲ್ಲ.

ಮೀನಾಕ್ಷಿ


ಎತ್ತಪ್ಪನ ಅಂಗಡಿ, ಹೊಸದುರ್ಗ ರಸ್ತೆ
೧೦ ಜನವರಿ

ಮೀನಾಕ್ಷಿ ಮೇಡಂ ಅವರಿಗೆ,

ಉತ್ತರ ಬರೆಯುತ್ತಿರುವುದು ನಿಮಗಾಗಿ ಅಲ್ಲ. ಆ ಡಿಸ್ಕಿನಲ್ಲಿ ಇನ್ನೂರು ಹಳ್ಳಿಯ ಮುದುಕ ಮುದುಕಿಯರ ದನಿ ಇದೆ. ಅವರಲ್ಲಿ ಅರ್ಧ ಜನ ಈಗ ಇಲ್ಲ. ಅದಕ್ಕಾಗಿ.

ಪೆನ್ ಡ್ರೈವಿನಲ್ಲಿ ಲಿನಕ್ಸ್ ಇಳಿಸಿಕೊಳ್ಳಿ. ಸರ್ವರ್ ಆನ್ ಮಾಡಿದ ತಕ್ಷಣ ಎಫ್ ಹನ್ನೊಂದನ್ನು ಒತ್ತುತ್ತಲೇ ಇರಿ. ಹಳೆಯ ಮಿಷನ್ನು, ಏಳಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ, ಗಾಬರಿಯಾಗಿ ಮತ್ತೆ ಸ್ವಿಚ್ ಒತ್ತಬೇಡಿ. ಪಟ್ಟಿ ಬರುತ್ತದೆ, ಪೆನ್ ಡ್ರೈವ್ ಆರಿಸಿ. ಭಾಷೆ, ಕೀಬೋರ್ಡು, ಊರು ಕೇಳುತ್ತದೆ. ಆಮೇಲೆ ಕೇಳುವುದೇ ಮುಖ್ಯ. ಯಾವ ಡಿಸ್ಕಿನ ಮೇಲೆ ಹಾಕಲಿ ಎನ್ನುತ್ತದೆ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು, ಪರದೆಯ ಮೇಲೆ ಅವಳಿ ಜವಳಿಯ ಹಾಗೆ ಕಾಣುತ್ತವೆ. ತಪ್ಪಿ ಇನ್ನೊಂದನ್ನು ಆರಿಸಿದರೆ ಹನ್ನೊಂದು ವರ್ಷ ಹೋಯಿತು. ಆದ್ದರಿಂದ ಆರಿಸುವ ಗೊಡವೆಯೇ ಬೇಡ. ವೈರ್ ಕಿತ್ತು, ಮುಂದಿನ ಬಾಗಿಲು ತೆಗೆದು, ಮೂಡಲ ಕಡೆಯ ಡಿಸ್ಕನ್ನು ಹೊರಗೆಳೆದು, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ದನಿಗಳಿರುವುದು ಅದರಲ್ಲಿ. ಪಡುವಲ ಕಡೆಯದರಲ್ಲಿ ಹಾಳಾದ ಸಿಸ್ಟಮ್ ಮಾತ್ರ ಇದೆ. ಒಂದೇ ಉಳಿದಾಗ ಇಡೀ ಡಿಸ್ಕ್ ಅಳಿಸಿ ಹಾಕು ಎಂದು ಧೈರ್ಯವಾಗಿ ಒತ್ತಬಹುದು.

ಎಡ ಬಲ ಎಂದು ಬರೆಯುತ್ತಿಲ್ಲ. ಕಾರಣ ನಿಮಗೆ ಗೊತ್ತು. ನೀವು ಮಿಷನ್ನಿನ ಹಿಂದೆ, ನಾನು ಮುಂದೆ ಕೂತು "ಎಡದ ವೈರ್ ಕೀಳಿ" ಎಂದದ್ದಕ್ಕೆ ಗ್ರಾಮಸಭೆಯ ನೇರಪ್ರಸಾರ ಹದಿನೇಳು ನಿಮಿಷ ನಿಂತುಹೋಗಿತ್ತು. ನಮ್ಮ ಹಟ್ಟಿಯಲ್ಲಿ ಕುರಿ ಎಲ್ಲಿ ಎಂದರೆ ಮೂಡಲಕ್ಕೆ, ತೆಂಕಲಿಗೆ ಎನ್ನುತ್ತೇವೆ. ಎಡ ಬಲ ಮನುಷ್ಯ ತಿರುಗಿದಂತೆ ತಿರುಗುತ್ತವೆ, ಮೂಡಲು ತಿರುಗುವುದಿಲ್ಲ.

ಮಣ್ಣಿಗೆ ಬಂದ ಮಾತೆತ್ತಿದ್ದೀರಿ. ಮರೆತಿದ್ದರೆ ನೆನಪಿಸುತ್ತೇನೆ. ಸೂತಕವೆಂದು ಹೆರುವ ಹೆಂಗಸರನ್ನು ಕಳಿಸುವ ಹಟ್ಟಿಯಾಚೆಯ ಗುಡಿಸಲಲ್ಲಿ, ಮಳೆಯಲ್ಲಿ ಹುಟ್ಟಿ, ಮೂರೇ ದಿನ ಬದುಕಿದ ನನ್ನ ಅಕ್ಕನ ಬಗ್ಗೆ ಅವ್ವ ನಿಮ್ಮ ಮೈಕಿನ ಮುಂದೆ ಹಾಡಿದಳು. ಹೆಸರಿಡುವ ಮುಂಚೆಯೇ ಹೋದ ಕೂಸಿಗೆ ಆ ಹಾಡಿನಲ್ಲೇ ಹೆಸರಿಟ್ಟಳು. ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇದನ್ನ ನಾನಿರೋ ಮಟ ಹಾಕಬ್ಯಾಡ್ರವ್ವ" ಎಂದಳು. ನೀವು ಹದಿನೈದನೇ ದಿನಕ್ಕೆ ಹಾಕಿದಿರಿ. ನಾಲ್ಕು ಹೆಣ್ಣುಮಕ್ಕಳಿಗೆ ಒಳ್ಳೆಯದಾಗಲಿ ಎಂದಿರಿ. ಹಟ್ಟಿಯ ಮರ್ಯಾದೆ ಕಳೆದಳೆಂದು ಐದು ಜನ ಕಟ್ಟೆಯ ಮೇಲೆ ಕೂತು ಅವ್ವನನ್ನು ಬಿಸಿಲಲ್ಲಿ ನಿಲ್ಲಿಸಿ ತಪ್ಪಾಯಿತು ಅನ್ನಿಸಿದರು. ಆ ಐವರಲ್ಲಿ ಪಾಲಯ್ಯ ಚಿಕ್ಕಪ್ಪನೂ ಒಬ್ಬ. ಆಮೇಲೆ ಅವ್ವ ಮೂರು ವರ್ಷ ಬದುಕಿದ್ದಳು, ಒಂದು ದಿನವೂ ಹಾಡಲಿಲ್ಲ.

ಅದನ್ನು ಅಳಿಸಿ ಎಂದೆ. ಅಳಿಸಿದೆ ಎಂದಿರಿ. ಅಲ್ಲಿಗೆ ನಮ್ಮ ಮಾತು ಮುಗಿಯಿತು. ಇನ್ನು ಕಾಗದ ಬೇಡ.

ರೋಜಾ


ಹಿರಿಯೂರು
೧೮ ಜನವರಿ

ರೋಜಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಬರೆಯದೆ ಆ ಮಿಷನ್ನನ್ನು ಮುಟ್ಟಿದರೆ ನನಗೆ ಅನ್ನ ಇಳಿಯುವುದಿಲ್ಲ.

ನಾನು ಅಳಿಸಲಿಲ್ಲ.

ಅಳಿಸಲೆಂದೇ ಕೂತಿದ್ದೆ. ನೀನು ಬಾಗಿಲು ದಬಾರನೆ ಹಾಕಿಕೊಂಡು ಹೋದ ಸಂಜೆಯೇ. ಒಂದೇ ಒಂದು ಸಲ ಕೇಳಿ ಅಳಿಸೋಣ ಎಂದು ಹಾಕಿಕೊಂಡೆ. ಅದೇ ತಪ್ಪಾಯಿತು. ಕೈ ಏಳಲಿಲ್ಲ. ಹೆಸರು ಬದಲಿಸಿ 'ಹವಾಮಾನ ವರದಿ' ಎಂದು ಮಾಡಿ, ಯಾರೂ ತೆಗೆದು ನೋಡದ ಹಳೆಯ ವರದಿಗಳ ನಡುವೆ ಇಟ್ಟೆ. ನಿನಗೆ ಅಳಿಸಿದೆ ಎಂದೆ. ನಿನ್ನ ಅವ್ವನ ಮಾತು ಮೀರಿದವಳು ನಿನಗೂ ಸುಳ್ಳು ಹೇಳಿದೆ. ಆಮೇಲೆ ಒಂದು ಸಲವೂ ಅದನ್ನು ಕೇಳಿಲ್ಲ. ಇದನ್ನಾದರೂ ನಂಬು ಎಂದು ಕೇಳುವ ಮುಖ ನನಗಿಲ್ಲ.

ನೀನು ಹೇಳುವ ಮೂಡಲ ಕಡೆಯ ಡಿಸ್ಕಿನಲ್ಲಿ ಉಳಿದವರ ಜೊತೆ ನಿಮ್ಮ ಅವ್ವ ಜುಂಜಮ್ಮನೂ ಇದ್ದಾರೆ. ಈಗ ಆ ದನಿ ನಿನ್ನದು. ಸರ್ವರ್ ಎದ್ದ ಮೇಲೆ ಅದೊಂದನ್ನು ಅಳಿಸಲೇ, ಉಳಿಸಲೇ? ನೀನು ಹೇಳಿದ್ದನ್ನು ಈ ಸಲ ಅಕ್ಷರ ಬಿಡದೆ ಮಾಡುತ್ತೇನೆ.

ಪೆನ್ ಡ್ರೈವ್ ಸಿದ್ಧವಾಗಿದೆ. ಗಣರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ಮಾರನೆಯ ದಿನ, ಇಪ್ಪತ್ತೇಳು ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಶುರುಮಾಡುತ್ತೇನೆ. ಅದಕ್ಕಿಂತ ತಡಮಾಡಿದರೆ ಓಬಳೇಶಪ್ಪನವರು ದುರ್ಗದ ಅಂಗಡಿಗೆ ಆಟೋ ಕರೆಯುತ್ತಾರೆ. ಅವರದು ಎಲ್ಲದರಲ್ಲೂ ಒಂದು ಕೈ ಮುಂದೆ. ಬಂದ ವಾರವೇ "ತೆಂಕಲಿಗೆ ಮುಖ ಮಾಡಿ ಕುಂತು ಕೆಲ್ಸ ಮಾಡ್ತೀರಲ್ಲ, ಏಳಿಗೆ ಹೆಂಗಾದೀತು" ಎಂದು ಮೇಜು ಕುರ್ಚಿ ಸರ್ವರ್ ಎಲ್ಲವನ್ನೂ ಹಿಂದುಮುಂದಾಗಿ ತಿರುಗಿಸಿ ಇಡಿಸಿದರು. ವಾಸ್ತುವಂತೆ. ಏಳಿಗೆಯಾಗುವುದಿರಲಿ, ಸರ್ವರೇ ಮಲಗಿತು.

ಬರೆ. ಬೈದಾದರೂ ಬರೆ.

ಮೀನಾಕ್ಷಿ


ಎತ್ತಪ್ಪನ ಅಂಗಡಿ
೨೭ ಜನವರಿ, ಸೋಮವಾರ, ಬೆಳಿಗ್ಗೆ

ಮೀನಾಕ್ಷಿ ಮೇಡಂ ಅವರಿಗೆ,

ಮಂದೆ ಬೇರೆ ತೋಟಕ್ಕೆ ಹೋಗಿತ್ತು. ಅಂಗಡಿಗೆ ಇವತ್ತೇ ಬಂದದ್ದು, ನಿಮ್ಮ ಕಾಗದ ಇವತ್ತೇ ಕೈಗೆ ಸಿಕ್ಕಿದ್ದು. ಬೆಂಚಿನ ಮೇಲೆ ಕೂತು ಓದಿದೆ. ಎತ್ತಪ್ಪಣ್ಣ "ಯಾಕಮ್ಮ, ಮೈಯಾಗೆ ಹುಷಾರಿಲ್ವ" ಎಂದು ನೀರು ತಂದುಕೊಟ್ಟ.

ನೀವು ಎಂಥವರು? ಹಾಕಬೇಡಿ ಎಂದರೆ ಹಾಕುತ್ತೀರಿ, ಅಳಿಸಿ ಎಂದರೆ ಇಟ್ಟುಕೊಳ್ಳುತ್ತೀರಿ. ಅವ್ವ ಸಾಯುವ ಮುಂಚೆ ನನ್ನ ಕೈ ಹಿಡಿದು, "ಅದು ಅಳಿಸೈತಲ್ಲ?" ಎಂದು ಕೇಳಿದಳು. ಹೂಂ ಎಂದೆ. ನಿಮ್ಮ ಸುಳ್ಳನ್ನು ನನ್ನ ಬಾಯಲ್ಲಿ ಅವಳಿಗೆ ಹೇಳಿಸಿದಿರಿ. ಇದಕ್ಕಿಂತ ನೀವು ನನ್ನ ಕಪಾಳಕ್ಕೆ ಹೊಡೆದಿದ್ದರೆ ಆಗುತ್ತಿತ್ತು.

ಅಳಿಸಲೇ ಉಳಿಸಲೇ ಎಂದು ಕೇಳಿದ್ದೀರಿ. ಅಳಿಸಿ. ಕೇಳಬೇಡಿ, ಕೈ ಏಳಲಿಲ್ಲ ಎಂದು ಕಥೆ ಹೇಳಬೇಡಿ. ಅಳಿಸಿ. ನನಗೆ ಅದು

ಮೀನಕ್ಕ, ನಿಲ್ಲಿಸು.

ನಿನ್ನ ಕಾಗದದ ಕೊನೆಯನ್ನು ಈಗ ಮತ್ತೆ ಓದಿದೆ. ಮಿಷನ್ನು ತಿರುಗಿಸಿ ಇಟ್ಟಿದ್ದಾರೆಯೇ? ನಾನಿದ್ದಾಗ ಕೂತವರ ಮುಖ ತೆಂಕಲಿಗಿತ್ತು. ಈಗ ಬಡಗಲಿಗೆ ಇದೆ ಎಂದರೆ ಮೂಡಲಲ್ಲಿದ್ದ ಡಿಸ್ಕು ಪಡುವಲಿಗೆ ಹೋಗಿದೆ. ನಾನು ಬರೆದಂತೆ ನೀನು ಈಗಿನ ಮೂಡಲ ಕಡೆಯದನ್ನು ತೆಗೆದಿಟ್ಟರೆ ದನಿಗಳಿರುವ ಡಿಸ್ಕು ಒಳಗೇ ಉಳಿಯುತ್ತದೆ. ಅದರ ಮೇಲೆಯೇ ಲಿನಕ್ಸ್ ಕೂರುತ್ತದೆ. ಎಲ್ಲರೂ ಹೋಗುತ್ತಾರೆ. ಅವ್ವ ಹೋಗುತ್ತಾಳೆ.

ಮುಟ್ಟಬೇಡ. ಏನನ್ನೂ ಒತ್ತಬೇಡ.

ಎತ್ತಪ್ಪಣ್ಣನ ಫೋನಿನಿಂದ ಬಾನುಲಿಯ ನಂಬರಿಗೆ ನಾಲ್ಕು ಸಲ ಮಾಡಿದೆ. ಬಡಿದುಕೊಳ್ಳುತ್ತಿದೆ, ಯಾರೂ ಎತ್ತುತ್ತಿಲ್ಲ. ಮಿಷನ್ ಕೋಣೆಗೆ ಹೋದರೆ ಫೋನು ಬುಟ್ಟಿಯಲ್ಲಿ ಬಿಟ್ಟುಹೋಗುವ ನಿನ್ನ ಹಾಳು ನಿಯಮ. ಗಂಟೆ ಒಂಬತ್ತೂವರೆ. ಎರ್ರಿಸ್ವಾಮಿಯವರ ಬಸ್ಸು ಬಂದು ನಿಂತಿದೆ. ನಾನೇ ಹತ್ತಿ ಬಂದೇನೆಂದರೆ ಚಿಕ್ಕಪ್ಪ ಸಂತೆಗೆ ಹೋಗಿದ್ದಾನೆ, ಎರಡು ಕುರಿ ಈಯುವ ಹೊತ್ತಾಗಿದೆ, ತೋಟದವರಿಗೆ ಅರ್ಧ ಗಂಟೆ ಎಂದು ಹೇಳಿ ಬಂದಿದ್ದೇನೆ. ಕಂಡಕ್ಟರ್ ಎರ್ರಿಸ್ವಾಮಿ ತಾವೇ ಬಾನುಲಿಯ ಮೆಟ್ಟಿಲು ಹತ್ತಿ ನಿನ್ನ ಕೈಗೇ ಕೊಡುವುದಾಗಿ ಮಾತು ಕೊಟ್ಟಿದ್ದಾರೆ.

ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ. ಮೀನಕ್ಕ, ಅಳಿಸಬೇಡ.

ರೋಜಾ


ಹಿರಿಯೂರು
೨೮ ಜನವರಿ

ರೋಜಾ,

ಬೆಳಿಗ್ಗೆ ಎರ್ರಿಸ್ವಾಮಿಯವರ ಹತ್ತಿರ ಬಾಯಿಮಾತಿನಲ್ಲಿ "ಐತೆ" ಎಂದಷ್ಟೇ ಹೇಳಿ ಕಳಿಸಿದ್ದೆ. ಅವರು ಮುಟ್ಟಿಸಿರುತ್ತಾರೆ. ಇನ್ನು ನಡೆದದ್ದನ್ನು ಕೇಳು.

ನಿನ್ನೆ ಹತ್ತಕ್ಕೆ ಸರಿಯಾಗಿ ಒಂದು ಡಿಸ್ಕು ತೆಗೆದು, ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎಫ್ ಹನ್ನೊಂದು ಎರಡು ಸಲ ತಪ್ಪಿತು, ಮೂರನೆಯ ಸಲ ಪಟ್ಟಿ ಬಂತು. ಇಡೀ ಡಿಸ್ಕ್ ಅಳಿಸಿ ಹಾಕಲೇ ಎಂದು ಕೇಳಿದಾಗ ನಿನ್ನ ಧೈರ್ಯವನ್ನು ನೆನೆದು ಒತ್ತಿಬಿಟ್ಟೆ. ಹಸಿರು ಪಟ್ಟಿ ಓಡತೊಡಗಿತು. ನನ್ನಷ್ಟು ಜಾಣೆ ಹಿರಿಯೂರಿನಲ್ಲಿ ಇಲ್ಲ ಎಂದುಕೊಂಡು ಕೂತೆ.

ಅರ್ಧಕ್ಕಿಂತ ಜಾಸ್ತಿ ಆಗಿತ್ತು. ಆಗ ಎರ್ರಿಸ್ವಾಮಿ ಏದುಸಿರು ಬಿಡುತ್ತ ಕೋಣೆಯ ಬಾಗಿಲಿಗೇ ಬಂದರು. "ತಗಳ್ರಮ್ಮ, ಆ ಹುಡುಗಿ ಕಣ್ಣಾಗೆ ನೀರು ಹಾಕ್ಕಂಡು ಕೊಟ್ಟೈತೆ, ಅರ್ಜೆಂಟು ಓದ್ರಿ" ಎಂದರು. ನಿಂತೇ ಓದಿದೆ. ನಿನ್ನ ಬೈಗುಳ ಓದುತ್ತ ಸರಿಯಾಗೇ ಬೈದಿದ್ದಾಳೆ ಎಂದುಕೊಂಡೆ. 'ಮೀನಕ್ಕ, ನಿಲ್ಲಿಸು' ಎಂಬಲ್ಲಿಗೆ ಬಂದಾಗ ಪರದೆಯ ಮೇಲೆ ಎಂಬತ್ತು ಎಂದಿತ್ತು.

ಏನು ನಿಲ್ಲಿಸಲಿ? ಅಳಿಸುವುದು ಶುರುವಿನಲ್ಲೇ ಮುಗಿದಿರುತ್ತದೆ ಎಂದು ನೀನೇ ಒಮ್ಮೆ ಹೇಳಿಕೊಟ್ಟಿದ್ದೆ. ಎರ್ರಿಸ್ವಾಮಿ "ಏನಾಯ್ತ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಎಳೆದರು. ಕೂತೆ. ಎಂಬತ್ತೈದು, ತೊಂಬತ್ತು. ನಿಮ್ಮ ಅವ್ವನನ್ನು ಒಮ್ಮೆ ಕಟ್ಟೆಯ ಮುಂದೆ ನಿಲ್ಲಿಸಿದೆ, ಈಗ ಪೂರ್ತಿ ಇಲ್ಲವಾಗಿಸಿದೆ, ಜೊತೆಗೆ ಇನ್ನೂರು ಊರಿನವರನ್ನೂ ತೆಗೆದೆ ಎನ್ನುತ್ತ ಆ ಅಂಕಿಗಳನ್ನೇ ಎಣಿಸಿದೆ. ಓಬಳೇಶಪ್ಪನವರು ಇಣುಕಿ, "ಆಯ್ತೇನಮ್ಮ, ಭೇಷ್" ಎಂದು ಹೋದರು.

ಮುಗಿಯಿತು. ಹೊಸ ಪರದೆ ಬಂತು, ನೋಡಲು ಚೆಂದವಾಗಿತ್ತು, ಅದನ್ನು ಒಡೆದುಹಾಕಬೇಕು ಅನ್ನಿಸಿತು. ಮಿಷನ್ ಆರಿಸಿ, ಬೀರು ತೆಗೆದು, ಸೀರೆಯ ಗಂಟು ಬಿಚ್ಚಿ, ಒಳಗಿದ್ದ ಡಿಸ್ಕನ್ನು ಅದರ ಜಾಗಕ್ಕೆ ತಳ್ಳಿದೆ. ಹಳೆಯ ಹಾಳು ಸಿಸ್ಟಮ್ ಕಾಣುತ್ತದೆ, ಅದನ್ನು ಕಣ್ಣಾರೆ ನೋಡಿ ಆಮೇಲೆ ನಿನಗೆ ಬರೆಯೋಣ ಎಂದು. ಆ ನಾಲ್ಕು ನಿಮಿಷ ಫ್ಯಾನುಗಳ ಬೊಬ್ಬೆಯಲ್ಲಿ ನಾನೂ ಜೋರಾಗಿ ಅತ್ತೆ. ಎರ್ರಿಸ್ವಾಮಿ ಬಸ್ಸು ಬಿಟ್ಟು ನಿಂತೇ ಇದ್ದರು, ಕೆಳಗೆ ಡ್ರೈವರ್ ಹಾರನ್ ಹೊಡೆಯುತ್ತಿದ್ದ.

ಡಿಸ್ಕು ತೆರೆಯಿತು. ಆದಿವಾಲ, ಮಾರಿಕಣಿವೆ, ಊರೂರಿನ ಹೆಸರುಗಳು ಸಾಲಾಗಿ ಕಂಡವು. ಕೊನೆಯಲ್ಲಿ ಹವಾಮಾನ ವರದಿ.

ಹೇಗೆ ಎಂದು ನನಗೇ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು. ರೋಜಾ, ಆ ಕೋಣೆಗೆ ಕಿಟಕಿ ಇಲ್ಲ. ಪೇಟೆಯಲ್ಲಿ ಬೆಳೆದ ನನಗೆ ದಿಕ್ಕು ಯಾವತ್ತು ತಿಳಿದಿತ್ತು? ನೀನು ಮೂಡಲು ಎಂದಾಗಲೆಲ್ಲ ನಾನು ಸೂರ್ಯನನ್ನು ಹುಡುಕಲೇ ಇಲ್ಲ. ನೀನು ಏಳು ವರ್ಷ ಸ್ಟೂಲು ಹಾಕಿಕೊಂಡು ಕೂತ ಪಕ್ಕ ನನಗೆ ಮೂಡಲು, ಅಷ್ಟೇ. ನಿನ್ನ ಕಾಗದ ಹಿಡಿದು ಟೀ ಲೋಟದ ಕರೆ ಇರುವ ಪಕ್ಕದ ಡಿಸ್ಕನ್ನು ಎಳೆದೆ. ಮೇಜು ತಿರುಗಿದಾಗ ಆ ಕರೆಯೂ ಮಿಷನ್ನಿನ ಜೊತೆ ತಿರುಗಿತ್ತು. ತಿರುಗಿಸಿದರೆ ಮೂಡಲು ಬೇರೆಯಾಗುತ್ತದೆ ಎಂಬುದು ನನ್ನ ದಡ್ಡ ತಲೆಗೆ ಹೊಳೆದಿದ್ದರೆ ಎಲ್ಲರೂ ಹೋಗುತ್ತಿದ್ದರು.

ಎರಡು ನಕಲು ಮಾಡಿದ್ದೇನೆ. ಹವಾಮಾನ ವರದಿಯನ್ನು ಮುಟ್ಟಿಲ್ಲ, ನಕಲೂ ಮಾಡಿಲ್ಲ. ನಿನ್ನ ಒಂದೇ ಕಾಗದದಲ್ಲಿ ಅಳಿಸಿ ಎಂದೂ ಇದೆ, ಅಳಿಸಬೇಡ ಎಂದೂ ಇದೆ. ಯಾವ ಮಾತನ್ನು ಪಾಲಿಸಲಿ ಎಂದು ನೀನು ತಣ್ಣಗೆ ಕೂತು ಯೋಚಿಸಿ ಹೇಳುವವರೆಗೆ ಅದು ಇದ್ದಲ್ಲೇ ಇರುತ್ತದೆ. ಈ ಸಲ ಹದಿನೈದು ದಿನಕ್ಕೆ ಆತುರಪಡುವುದಿಲ್ಲ.

ಮೀನಕ್ಕ


ಎತ್ತಪ್ಪನ ಅಂಗಡಿ
೯ ಫೆಬ್ರವರಿ

ಮೀನಕ್ಕ,

ಎರಡು ಕುರಿಯೂ ಈದವು. ಮೂರು ಮರಿ, ಒಂದು ಸ್ವಲ್ಪ ಬಡಕಲು, ಬದುಕಿಕೊಳ್ಳುತ್ತದೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಇನ್ನೂ ಆಗಿಲ್ಲ. ಆದರೆ ಆವತ್ತು ಅಳಿಸಿ ಎಂದು ಬರೆದ ಕೈಯೇ ಬೇಡ ಎಂದು ಬರೆಯಿತು, ನನ್ನನ್ನು ಕೇಳದೆಯೇ. ಅವ್ವನ ದನಿ ಹೋಯಿತು ಎಂದುಕೊಂಡ ಆ ಸಂಕಟ ಅವಳ ಮಣ್ಣಿನ ದಿನಕ್ಕಿಂತ ಜೋರಾಗಿತ್ತು. ನಿನ್ನ ಸುಳ್ಳಿನ ಮೇಲೆ ಸಿಟ್ಟಿದೆ, ಆ ಸುಳ್ಳು ಹೇಳಿದ್ದೆಯಲ್ಲ ಎಂಬ ಸಮಾಧಾನವೂ ಇದೆ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದೋ ನನಗೆ ಗೊತ್ತಾಗುತ್ತಿಲ್ಲ.

ಚಿಕ್ಕಪ್ಪನಿಗೆ ಓದು ಬರುವುದಿಲ್ಲ. ನಿನ್ನ ಕಾಗದ ಬಂದ ದಿನ ನಾನು ಅಳುವುದನ್ನು ನೋಡಿ "ಏನ್ ಬರ್ದೈತೆ, ಓದಲೇ" ಎಂದ. ಕಟ್ಟೆಯ ಮೇಲೆ ಕೂತಿದ್ದವನಲ್ಲವೇ, ಕೇಳಲಿ ಎಂದು ಒಂದು ಮಾತೂ ಬಿಡದೆ ಓದಿದೆ. ಎರಡು ದಿನ ಕುರಿಗಳ ಗೊರಸು ಹೆರೆಯುತ್ತಲೇ ಇದ್ದ. ಮೂರನೆಯ ದಿನ ಉಣ್ಣುವಾಗ ಮುದ್ದೆಯ ಮುಂದೆ ಕೈ ಹಾಗೇ ಇಟ್ಟುಕೊಂಡು ಕೇಳಿದ.

"ಆ ಕೂಸಿಗೆ ಏನಂತ ಹೆಸ್ರಿಟ್ಟಿದ್ಲು?"

"ಹಾಡಲ್ಲಿ ಐತೆ. ಅವತ್ತು ಇಡೀ ಹಟ್ಟಿ ಕೇಳ್ತಲ್ಲ, ನೀನು ಕೇಳಲಿಲ್ವಾ?"

"ಕೇಳ್ದೆ. ಹಟ್ಟಿ ಮರ್ವಾದೆ ಒಂದೇ ಕಿವಿಗೆ ಬಿತ್ತು. ಹೆಸ್ರು ಬೀಳಲಿಲ್ಲ."

ನಾನು ಹೇಳಲಿಲ್ಲ. ಅವನೂ ಒತ್ತಾಯ ಮಾಡಲಿಲ್ಲ. ಕೈ ತೊಳೆದುಕೊಂಡು ಬಂದು ಎದುರಿಗೆ ಕೂತ.

"ನಿಮ್ಮವ್ವ ಏನಂದಿದ್ಲು? ನಾನಿರೋ ಮಟ ಹಾಕಬ್ಯಾಡ್ರಿ ಅಂದಿದ್ಲಲ್ಲ."

"ಹೂಂ."

"ಈಗ ಅವ್ಳಿಲ್ವಲ್ಲೇ, ರೋಜಾ."

ಇಷ್ಟು ವರ್ಷ ಆ ಮಾತನ್ನು ಮನಸ್ಸಿನಲ್ಲೇ ನಿನ್ನ ಮೇಲೆ ಎಸೆಯುತ್ತ ಬಂದೆ ಮೀನಕ್ಕ, ಅದರ ಇನ್ನೊಂದು ಅರ್ಧ ನನಗೆ ಕೇಳಿಸಿರಲೇ ಇಲ್ಲ. ಸಾಯುವಾಗ ಅಳಿಸೈತಲ್ಲ ಎಂದು ಕೇಳಿದಳಲ್ಲ, ಅದು ಸಮಾಧಾನಕ್ಕೆ ಕೇಳಿದ್ದು ಎಂದುಕೊಂಡಿದ್ದೆ. ಹೂಂ ಎಂದಾಗ ಅವಳು ಆಚೆ ಮಗ್ಗಲಿಗೆ ತಿರುಗಿಕೊಂಡಿದ್ದಳು.

ಹಾಕು. ಆದರೆ ನಾನು ಬಂದ ಮೇಲೆ. ಹೆಸರು ತಿದ್ದಿ, ಅವ್ವನ ಹೆಸರನ್ನೂ ಅಕ್ಕನ ಹೆಸರನ್ನೂ ಬರೆದು, ನಾನೇ ಒತ್ತುತ್ತೇನೆ. ಹಟ್ಟಿಯವರು ಏನನ್ನುತ್ತಾರೋ ಎಂದು ಭಯ ಇದೆ. ಈ ಸಲ ಕಟ್ಟೆಗೆ ಕರೆದರೆ ನಿಲ್ಲುವುದು ನಾನು.

ಚಿಕ್ಕಪ್ಪ ಇನ್ನೊಂದು ಮಾತು ಕೇಳಿದ. "ನಿಮ್ ರೇಡಿಯೊ ಎಲ್ಲಿಗಂಟ ಕೇಳ್ತೈತೆ?" ಮಾರಿಕಣಿವೆ ಗುಡ್ಡ ದಾಟಿ ಹಿರಿಯೂರಿನ ಕಡೆ ಇಳಿದರೆ ಚೆನ್ನಾಗಿ ಕೇಳುತ್ತದೆ, ಈ ಕಡೆ ಬರೀ ಗೊರಗೊರ ಎಂದೆ. ಈ ತೋಟದಲ್ಲಿ ಗೊಬ್ಬರಕ್ಕೆಂದು ಇನ್ನೂ ಹದಿನೈದು ದಿನ ಮಂದೆ ಹಾಕುವ ಮಾತಾಗಿತ್ತು. ಅವನೇ ಹೋಗಿ ತೋಟದವರ ಹತ್ತಿರ ಮಾತು ಬಿಡಿಸಿಕೊಂಡು ಬಂದ.

ಇವತ್ತು ಬೆಳಿಗ್ಗೆ ಮಂದೆಯನ್ನು ಮೂಡಲಕ್ಕೆ ತಿರುಗಿಸಿದೆವು.

ರೋಜಾ